ಹತ್ತೊಂಬತ್ತನೆಯ ಗೀಟು

ಬಾಯಾರು ಪದವಿನ ಮುರಕಲ್ಲಿನ ಪಣೆಯಲ್ಲಿ
ನಾನು ಲೆಕ್ಕದವ.
ಲಾರಿಯೊಂದು ತುಂಬಿ ಗೇರುಮರದ ತಿರುವು ದಾಟಿದರೆ
ಶೆಡ್ಡಿನ ಗೋಡೆಗೆ ಇದ್ದಿಲಿನಲ್ಲಿ ಒಂದು ಗೀಟು.
ಸಂಜೆ ಎಣಿಸಿ, ಪುಸ್ತಕಕ್ಕೆ ಏರಿಸಿ,
ಒದ್ದೆ ಗೋಣಿಯಿಂದ ಒರಸಿಬಿಡುವುದು.

ಆ ಶನಿವಾರ ಹತ್ತೊಂಬತ್ತು.
ಕೊನೆಯದ್ದು ಹೆಡ್‌ಲೈಟು ಹಾಕಿಕೊಂಡೇ ಹೋಯಿತು,
ಐತ್ತಪ್ಪ, ಮೊಯ್ದು, ಇಬ್ಬರೇ ಉಳಿದು ತುಂಬಿದ್ದು.
ಧನಿ ಜೀಪಿನಿಂದ ಇಳಿಯದೆ ಹೇಳಿದರು:
"ಪಾಸು ಇರುವುದು ಹದಿನೆಂಟಕ್ಕೆ ಮಾರಾಯ,
ಹದಿನೆಂಟೇ ಬರೆ."
ಬರೆದೆ.
ಕೂಲಿಯೂ ಹದಿನೆಂಟಕ್ಕೇ ನಿಂತಿತು.
ಗೋಡೆ ಒರಸಲು ಮಾತ್ರ ಕೈ ಏಳಲಿಲ್ಲ.

ಮರೆತ ಬುತ್ತಿಪಾತ್ರೆ ತರಲು ಭಾನುವಾರ ಹೋದಾಗ
ಮಗಳೂ ಬಂದಳು, ವನಮಾಲ, ಒಂಬತ್ತನೇ ಕ್ಲಾಸು.
ಗೋಡೆಯ ಮುಂದೆ ನಿಂತು ಬಲದಿಂದ ಬೆರಳಿಟ್ಟಳು,
ಬಿಡಿ, ಹತ್ತು, ನೂರು, ಸಾವಿರ...
ಆಮೇಲೆ ಎಡದಿಂದ ಒಂದೇ ಉಸಿರಿಗೆ:
ಹನ್ನೊಂದು ಸಾವಿರದ ನೂರ ಹನ್ನೊಂದು ಕೋಟಿ ಕೋಟಿ,
ಹನ್ನೊಂದು ಲಕ್ಷ ಹನ್ನೊಂದು ಸಾವಿರದ ನೂರ ಹನ್ನೊಂದು ಕೋಟಿ,
ಹನ್ನೊಂದು ಲಕ್ಷ ಹನ್ನೊಂದು ಸಾವಿರದ ನೂರ ಹನ್ನೊಂದು.
"ಅಪ್ಪಾ, ಇಷ್ಟು ಲೋಡು ಎಲ್ಲಿಗೆ ಹೋಯಿತು?"

ಇಷ್ಟು ಹೋಗಿದ್ದರೆ
ನಾವು ನಿಲ್ಲಲು ಕಾಸರಗೋಡೇ ಇರುತ್ತಿರಲಿಲ್ಲ ಮಗಾ.
ಕನ್ನಡದ ೧ ಬರೆದಿದ್ದರೆ ಸುತ್ತಿ ಬಾಗುತ್ತಿತ್ತು.
ನೆಟ್ಟಗೆ ನಿಂತ ಗೀಟು
ನನಗೆ ಲಾರಿ, ಅವಳಿಗೆ ಅಂಕಿ.

ಪ್ರಿಡಿಗ್ರಿಯಲ್ಲಿ ಗಣಿತಕ್ಕೇ ನಪಾಸಾದವನು ನಾನು.
ಆ ರಾತ್ರಿ ಸೊಸೈಟಿ ಕ್ಯಾಲೆಂಡರಿನ ಬೆನ್ನಿಗೆ
ಇಬ್ಬರೂ ಭಾಗಾಕಾರ ಮಾಡಿದೆವು.
ಎರಡರಿಂದ, ಶೇಷ ಒಂದು.
ಮೂರರಿಂದ, ಒಂದು.
ಐದು, ಏಳು, ಹನ್ನೊಂದು, ಹದಿಮೂರು,
ಒಂದು, ಒಂದು, ಒಂದು, ಮತ್ತೂ ಒಂದು.
ಹದಿನೇಳು ಹಟ ಮಾಡಿ ಒಂಬತ್ತು ಉಳಿಸಿತು.
ಹತ್ತೊಂಬತ್ತಕ್ಕೆ ತಿರುಗಿ ಅದೇ ಒಂದು,
ಎಷ್ಟು ಸಲ ಹೊರಗೆ ಬಿಟ್ಟರೂ
ಹೊಸ್ತಿಲಲ್ಲಿ ಬಂದು ಕೂರುವ ಬೆಕ್ಕಿನ ಹಾಗೆ.

ಕಾರಣ ಹೊಳೆದದ್ದು ಅವಳಿಗೆ.
ಕೊನೆಯ ಒಂದರ ಮೇಲೆ ಹೆಬ್ಬೆರಳು ಮುಚ್ಚಿದಳು.
ಉಳಿದ ಹದಿನೆಂಟು
ಮೂರಕ್ಕೂ ಏಳಕ್ಕೂ ಹನ್ನೊಂದಕ್ಕೂ
ಹದಿಮೂರಕ್ಕೂ ಹತ್ತೊಂಬತ್ತಕ್ಕೂ ಮೂವತ್ತೇಳಕ್ಕೂ
ಚೂರು ಉಳಿಯದೆ ಬಿಟ್ಟುಕೊಂಡಿತು,
ಬ್ಲೇಡು ತಾಗಿದ್ದೇ ಪುಡಿಯಾಗುವ ಮೆದುಕಲ್ಲು.
ಪಕ್ಕಕ್ಕೆ ಇಪ್ಪತ್ತನೆಯದ್ದೊಂದು ಬರೆದಳು.
ಅದನ್ನೊಡೆಯಲು ಹನ್ನೊಂದೇ ಸಾಕಾಯಿತು.
ಹದಿನೆಂಟಲ್ಲ, ಇಪ್ಪತ್ತಲ್ಲ.
ಕತ್ತಲಾದ ಮೇಲೆ ಹೋದ ಲಾರಿಯೊಂದು
ಅಷ್ಟುದ್ದದ ಸಾಲನ್ನು ಗಟ್ಟಿ ಮಾಡಿ ಹಿಡಿದಿತ್ತು.

ಸೋಮವಾರ ಶಾಲೆಯ ಕಂಪ್ಯೂಟರಿನಲ್ಲಿ ಹಾಕಿ ನೋಡಿ ಬಂದಳು:
ಒಂದು ಬಿಟ್ಟರೆ, ತಾನು ಬಿಟ್ಟರೆ,
ಅದನ್ನು ಪಾಲು ಮಾಡುವವರು ಯಾರೂ ಇಲ್ಲ.
ಅವಳ ಪುಸ್ತಕದಲ್ಲಿ ಅದು ಅವಿಭಾಜ್ಯ,
ಪಕ್ಕದ ಕೋಣೆಯ ಮಲಯಾಳ ಕ್ಲಾಸಿನಲ್ಲಿ, ಸಫೂರಳಿಗೆ, ಅಭಾಜ್ಯ.
ನಡುಗೋಡೆ ದಾಟುವಾಗ 'ವಿ' ಎಲ್ಲಿ ಬಿತ್ತೋ.
ಶೇಷಕ್ಕೆ ಅವರು ಶಿಷ್ಟ ಅನ್ನುತ್ತಾರಂತೆ.
ಉಳಿದದ್ದೇ ಶಿಷ್ಟ!
ನಗು ಬಂತು.
ಅನ್ನ ಕಲಸುವಷ್ಟರಲ್ಲಿ ಹೋಯಿತು.

ಮರುದಿನ ಒಂದು ಲೋಡಿನ ಕೂಲಿಯನ್ನು ನನ್ನ ಕಿಸೆಯಿಂದ ತೆಗೆದೆ.
ಐತ್ತಪ್ಪ ಎಣಿಸದೆ ಮಡಚಿಕೊಂಡ.
ಮೊಯ್ದು ಎರಡು ಸಲ ಎಣಿಸಿದ.
"ರೈಟರೇ, ಲೆಕ್ಕ ತಪ್ಪಿದ್ದೀರಿ, ಇದು ಹೆಚ್ಚಾಯಿತು."
"ತಪ್ಪಿದ್ದು ಶನಿವಾರ" ಎಂದೆ.

ಈಗ ಗೀಟು ಎಳೆಯುವುದು ಆಚೆ ಬದಿಯ ಗೋಡೆಗೆ.
ಇದನ್ನು ಯಾಕೆ ಒರಸಲಿಲ್ಲ, ಧನಿ ಕೇಳಿದರು.
ಪುಸ್ತಕ ಅವರ ಕೈಯಲ್ಲಿತ್ತು,
ಹದಿನೆಂಟು ಬರೆದ ಅಕ್ಷರ ನನ್ನದೇ.

ಗೋಣಿ ಒಣಗಿದೆ ಎಂದೆ.